ಕಿವಿಬೀಜದ ಮೊಳಕೆ

ನಮ್ಮೂರಿನಲ್ಲಿ ಒಂದು ಕಾಲಕ್ಕೆ ಊಟಕ್ಕೆ ಕೂತ ಗಂಡಸು ಉಪ್ಪಿನ ಮಾತೆತ್ತುತ್ತಿರಲಿಲ್ಲ. ಸಾರು ಎಷ್ಟೇ ಸಪ್ಪಗಿರಲಿ, ಸುಮ್ಮನೆ ಉಂಡು ಏಳುತ್ತಿದ್ದ, ಇಲ್ಲವೇ ತಾನೇ ಎದ್ದು ಹೋಗಿ ಉಪ್ಪಿನ ಗಡಿಗೆಗೆ ಕೈ ಹಾಕುತ್ತಿದ್ದ. ಇದಕ್ಕೆ ಕಾರಣ ಗಾಣಿಗೇರ ಶಿವರುದ್ರಪ್ಪ. ಆತ ನಲವತ್ತು ವರ್ಷ, ದಿನಕ್ಕೆ ಎರಡು ಹೊತ್ತು, ಹೆಂಡತಿಗೆ “ಉಪ್ಪು ಕಡಿಮಿ ಆಗೈತಿ” ಅಂದ. ಬೇರೆ ಮಾತಿಗೆ ಆತನ ಬಾಯಿ ಅಷ್ಟಾಗಿ ತೆರೆಯುತ್ತಿರಲಿಲ್ಲ. ಆತ ಸತ್ತ ಹನ್ನೊಂದನೇ ದಿನ ಹೆಂಡತಿ ಕಿವಿಬೀಜ ತಿಂದು ಒಂದು ತಾಸು ಕೋಣೆಯೊಳಗೆ ಕೂತಳು. ಹೊರಗೆ ಬಂದಾಗ ಬಾಗಿಲಲ್ಲಿ ನಿಂತವರು ಪದ್ಧತಿಯಂತೆ ನೀರು ಕೊಟ್ಟು, “ಏನಂದ್ನವಾ?” ಎಂದು ಕೇಳಿದರು.

“ಉಪ್ಪು ಕಡಿಮಿ ಅಂದ.”

“ಮತ್ತ?”

“ಮತ್ತೇನಿಲ್ಲ. ತಾಸೆಲ್ಲ ಅದನ್ನ ಅಂದ.”

ಬಾಗಿಲಲ್ಲಿದ್ದವರು “ಕೇಳಿದ್ವಿ” ಅಂದರು. ಹಾಗೆ ಅನ್ನಬೇಕು, ಅಂದಮೇಲೆ ಆ ಮಾತು ಊರಿಗೆ ಸೇರಿದಂತೆ. ಮರುದಿನದಿಂದ ಆಕೆ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕತೊಡಗಿದಳು. ಉಣ್ಣುವವಳು ತಾನೊಬ್ಬಳೇ. ಸಾಯುವವರೆಗೂ ಹಾಕಿದಳು.

ಕಿವಿಬೀಜ ಹಾಗೆಯೇ. ಸತ್ತವರ ದನಿಯನ್ನು ಕಿವಿಗೆ ತರುತ್ತದೆ, ಆದರೆ ಹೊಸ ಮಾತು ತರುವುದಿಲ್ಲ. ಬದುಕಿದ್ದಾಗ ಅವರು ನಿಮಗೆ ಅತಿ ಹೆಚ್ಚು ಸಲ ಯಾವ ಮಾತು ಆಡಿದ್ದರೋ ಅದೊಂದನ್ನೇ ತರುತ್ತದೆ. ಸತ್ತವರೊಬ್ಬರಿಗೆ ಒಂದೇ ಬೀಜ. ಅವರಿಗಾಗಿ ಎರಡನೆಯದು ತಿಂದರೆ ವಾಂತಿ ಬರುತ್ತದೆ, ದನಿ ಬರುವುದಿಲ್ಲ. ಹೀಗಾಗಿ ನಮ್ಮ ಜನ ಬಾಯಿಯನ್ನು ಬೇರೆ ಊರವರಂತೆ ಬಳಸಲಿಲ್ಲ. ತಾಯಂದಿರು ಪ್ರತಿ ತುತ್ತಿಗೂ “ನನ ಬಂಗಾರ” ಅನ್ನುತ್ತಿದ್ದರು. ಕಿರಾಣಿ ಅಂಗಡಿಯ ಚನ್ನಮಲ್ಲಯ್ಯ ಹೆಂಡತಿಯನ್ನು ಬೈದಾಗಲೆಲ್ಲ ಉಡಿದಾರಕ್ಕೆ ಒಂದು ಗಂಟು ಹಾಕಿ, ಸಂಜೆ ಗಂಟಿಗೆರಡರಂತೆ ಒಳ್ಳೆಯ ಮಾತಾಡಿ ಬಿಚ್ಚುತ್ತಿದ್ದ. ಜಗಳ ಜೋರಾದರೆ ಜನ ಮಾತೇ ಬಿಡುತ್ತಿದ್ದರು. ಗೋಡೆಯ ಆಚೀಚೆ ಇದ್ದು ಇಪ್ಪತ್ತು ವರ್ಷ ಮಾತಾಡದ ಅಣ್ಣತಮ್ಮಂದಿರನ್ನು ಕಂಡು ಹೊರಗಿನವರು “ಎಂಥಾ ದ್ವೇಷ!” ಅನ್ನುತ್ತಿದ್ದರು. ನಾವು ಮಾತ್ರ, ಇದ್ದ ಒಳ್ಳೆಯ ಮಾತು ಕೆಡಬಾರದೆಂದು ಬಿಟ್ಟಿರಬಹುದು ಅಂದುಕೊಳ್ಳುತ್ತಿದ್ದೆವು. ಎರಡರಲ್ಲಿ ಯಾವುದು ಖರೆ ಎಂಬುದು ಒಬ್ಬರು ಸಾಯುವವರೆಗೆ ಗೊತ್ತಾಗುತ್ತಿರಲಿಲ್ಲ. ಒಮ್ಮೊಮ್ಮೆ ಸತ್ತ ಮೇಲೂ ಗೊತ್ತಾಗುತ್ತಿರಲಿಲ್ಲ.

ಆ ಬೀಜ ಹಸನು ಮಾಡುವವಳು ನಾನು. ಹೆಸರು ಬಾಳವ್ವ. ನನಗಿಂತ ಮೊದಲು ನನ್ನ ಅತ್ತೆ ಮಾಡುತ್ತಿದ್ದಳು. ಆಕೆ ಕಲಿಸಲಿಲ್ಲ. ಬಾಗಿಲ ಸಂದಿಯಿಂದ ನೋಡಿ ಕಲಿತೆ, ನೋಡಲು ಸಿಗದ್ದನ್ನು ಕೆಡಿಸಿ ಕಲಿತೆ. ಬಳ್ಳಿ ಊರ ಹಿಂದಿನ ಕಲ್ಲುಗುಡ್ಡದಲ್ಲಿ ಬೆಳೆಯುತ್ತದೆ. ಕಾಯಿ ಒಡೆದರೆ ಕಿವಿಯ ಹಾಲೆಯಂಥ ಕಂದು ಬೀಜ. ಹಸಿಯದನ್ನು ತಿಂದರೆ ಆಡು ಕೂಡ ಬದುಕುವುದಿಲ್ಲ. ಏಳು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಹಾಲಿನ ಗಡಿಗೆಯಲ್ಲಿ ತೂಗಬಿಟ್ಟು ಕುದಿಸಬೇಕು. ಆ ಹಾಲನ್ನು ನಾಯಿಗೂ ಹಾಕದೆ ತಗ್ಗು ತೋಡಿ ಸುರಿಯಬೇಕು. ಸಿಪ್ಪೆ ಬಿಡಿಸಿ, ಎರಡು ಬೇಳೆ ಮಾಡಿ, ನಡುವೆ ಇರುವ ಸಣ್ಣ ಹಳದಿ ಮೊಳಕೆಯನ್ನು ಹೆಬ್ಬೆರಳ ಉಗುರಿನಿಂದ ಎತ್ತಿ ಒಲೆಗೆ ಎಸೆಯಬೇಕು. ಬೇಳೆಯನ್ನು ನೆರಳಲ್ಲಿ ಒಣಗಿಸಿ ತುಪ್ಪದಲ್ಲಿ ಹುರಿಯಬೇಕು. ನನ್ನ ಬಲಗೈ ಉಗುರು ಹಳದಿಯಾಗಿ ಎಷ್ಟೋ ವರ್ಷವಾಯಿತು, ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಬೀಜ ಸತ್ತವರಿಗಷ್ಟೇ ಅಂತಲ್ಲ. ಸಾಸಿವೆಯಷ್ಟು ಪುಡಿ ಮಜ್ಜಿಗೆಯಲ್ಲಿ ಕದಡಿ ಹೊಟ್ಟೆನುಲಿತಕ್ಕೆ ಕೊಡುತ್ತೇನೆ, ಅರೆದು ಮಂಡಿನೋವಿಗೆ ಪಟ್ಟು ಹಾಕುತ್ತೇನೆ, ನಿದ್ದೆ ಬಾರದವರಿಗೂ ಒಂದಿಷ್ಟು ಕೊಡುತ್ತೇನೆ. ಇಡೀ ಬೀಜ ಮಾತ್ರ ಹನ್ನೊಂದನೇ ದಿನಕ್ಕೆ.

ಸರಕಾರಿ ದವಾಖಾನೆಗೆ ಡಾಕ್ಟರ್ ಮುನೀರ್ ಬಂದ ಹೊಸದರಲ್ಲಿ ಹತ್ತು ಬೀಜಗಳನ್ನು ಸೀಸೆಯಲ್ಲಿ ಹಾಕಿಕೊಂಡು ಯಾವುದೋ ದೊಡ್ಡ ಊರಿಗೆ ಕಳಿಸಿದರು. ಆರು ತಿಂಗಳ ಮೇಲೆ ಕಾಗದ ಬಂತು. ನನ್ನ ಅಂಗಳಕ್ಕೆ ಬಂದು ಓದಿ ಹೇಳಿದರು.

“ಬಾಳವ್ವ, ಇದರಲ್ಲಿ ಎರಡು ಸಸ್ಯಕ್ಷಾರ ಇವೆಯಂತೆ. ಬೇಳೆಯಲ್ಲಿರೋದು ಬಾಯಿ ಒಣಗಿಸುತ್ತೆ, ಕಣ್ಣಿನ ಪಾಪೆ ಅಗಲ ಮಾಡುತ್ತೆ, ಕರುಳಿನ ಸೆಳೆತ ಬಿಡಿಸುತ್ತೆ. ಅದಕ್ಕೇ ನಿಮ್ಮ ಮಜ್ಜಿಗೆಗೆ ಹೊಟ್ಟೆನೋವು ಹೋಗೋದು. ಮೊಳಕೆಯಲ್ಲಿರೋದು ಬೇರೆ, ಕೆಟ್ಟದ್ದು. ನೇರವಾಗಿ ಎದೆಬಡಿತಕ್ಕೇ ಕೈಹಾಕುತ್ತೆ. ನೀವು ಅದನ್ನ ಕಿತ್ತು ಎಸೀತೀರಲ್ಲ, ಯಾರು ಹೇಳಿಕೊಟ್ಟರು?”

“ಯಾರೂ ಹೇಳಿಲ್ರೀ ಸಾಹೇಬರ. ಮತ್ತ ದನಿ? ಅದು ಎಲ್ಲಿಂದ ಬರ್ತೈತಂತ?”

ಅವರು ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. “ಅದನ್ನ ಬರೆದಿಲ್ಲ” ಅಂದರು. ಎರಡು ವರ್ಷದ ಮೇಲೆ ಅವರ ತಾಯಿ ತೀರಿಕೊಂಡಾಗ ಬಂದು ಒಂದು ಬೀಜ ಒಯ್ದರು. ಆಗ ಕಾಗದದ ಮಾತು ಬರಲಿಲ್ಲ.

ಮೊಳಕೆಯ ವಿಷಯದಲ್ಲಿ ಡಾಕ್ಟರಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ನನ್ನ ಅಪ್ಪ ಕುಡುಕ. ಆತ ಸತ್ತಾಗ ನಾನಿನ್ನೂ ಕಲಿಯುತ್ತಿದ್ದೆ, ಉಗುರು ಜಾರಿ ಮೊಳಕೆ ಒಳಗೇ ಉಳಿಯಿತು. ಅದನ್ನೇ ತಿಂದೆ. ಎದೆ ಕುದುರೆಯಂತೆ ಓಡಿತು, ಆದರೆ ಅಪ್ಪನ ಬೈಗಳು ಕೇಳಿಸಲಿಲ್ಲ. ಎಂಟು ವರ್ಷದ ಒಂದು ಹುಡುಗಿ “ಅಪ್ಪಾ, ಮನಿಗಿ ಬಾ” ಎಂದು ಕರೆಯುತ್ತಿದ್ದಳು. ಹೆಂಡದಂಗಡಿಯ ಬಾಗಿಲಲ್ಲಿ ನಿಂತು ನಾನೇ ಕರೆಯುತ್ತಿದ್ದ ಕರೆ. ಆಗ ತಿಳಿಯಿತು. ಮೊಳಕೆ ತೆಗೆದರೆ ಸತ್ತವರು ನಮಗೆ ಆಡಿದ್ದು ಕೇಳುತ್ತದೆ, ಬಿಟ್ಟರೆ ನಾವು ಅವರಿಗೆ ಆಡಿದ್ದು. ಅಪ್ಪನ ಬಾಯಿಂದ ಪಾರಾದೆನಲ್ಲ ಎಂದು ನನಗೆ ಸಮಾಧಾನವೇ ಆಯಿತು. ಬಾಗಿಲಲ್ಲಿದ್ದವರಿಗೆ ಏನೋ ಒಂದು ಹೇಳಿದೆ. “ಕೇಳಿದ್ವಿ” ಅಂದರು.

ಇನ್ನು ತುಂಗವ್ವನ ಮಾತು. ಆಕೆ ಕಮ್ಮಾರ ಮಾನಪ್ಪನ ಹೆಂಡತಿ. ನಾನೂ ಆಕೆಯೂ ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು, ಅವರ ಕುಲುಮೆ ನನ್ನ ಅಂಗಳದ ಎದುರಿಗೇ. ನಾನು ಬೀಜ ಬಿಡಿಸುತ್ತ ಕೂತರೆ ಆಕೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಯಾರ ತಾಸಿನಲ್ಲಿ ಯಾರು ಏನು ಕೇಳಿದರು ಎಂದು ನಾನು ಉಪ್ಪುಖಾರ ಹಚ್ಚಿ ಹೇಳಬೇಕು, ಆಕೆ ತೊಡೆ ತಟ್ಟಿ ನಗಬೇಕು.

“ಸುಳ್ಳ ಹೇಳ್ತಿ, ಬಾಳಿ!”

“ಇಲ್ಲಬೇ, ಖರೇನ. ಪೂಜಾರಿ ದನಿ ಬಂತಂತ, ‘ತೆಂಗಿನಕಾಯಿ ಹೋಳು ಎಲ್ಲಿ’ ಅಂತ.”

“ಸುಳ್ಳ ಹೇಳ್ತಿ, ಬಾಳಿ!” ಮತ್ತೆ ತೊಡೆ ತಟ್ಟುವಳು. ದಿನಕ್ಕೆ ಹತ್ತು ಸಲವಾದರೂ ಆ ಮಾತು ಬರುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಮಾನಪ್ಪನ ಕೂಗು ಬರುವುದು. “ಏ ದರಿದ್ರದಾಕಿ! ತಿದಿ ಯಾರು ಒತ್ತಬೇಕು, ನಿಮ್ಮಪ್ಪನಾ?” ಸುತ್ತಿಗೆಯ ಸದ್ದಿಗೆ ಆತನ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಕೂಗಿದ್ದು ನಾಲ್ಕು ಓಣಿಗೆ ಕೇಳುತ್ತಿತ್ತು. ಆಕೆ “ಬಂದೆ” ಎಂದು ಸೆರಗು ಸುತ್ತಿಕೊಂಡು ಓಡುತ್ತಿದ್ದಳು. ಮೂವತ್ತೊಂದು ವರ್ಷ ಆತ ಆಕೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, “ತುಂಗವ್ವಾ, ನಿನ್ನ ತಾಸು ಹ್ಯಾಂಗ ಕಳೀತಿಯೇ?” ಎಂದು ಕಾಡಿಸಿದರೆ, “ಮೂವತ್ತೊಂದು ವರ್ಷ ಕೇಳೀನಿ, ಇನ್ನೊಂದು ತಾಸು ಕೇಳಾಕ ಏನು ಧಾಡಿ?” ಅನ್ನುತ್ತಿದ್ದಳು.

ಆಮೇಲೆ ಮಾನಪ್ಪನಿಗೆ ದಮ್ಮು ಹಿಡಿಯಿತು. ಕುಲುಮೆಯ ಹೊಗೆ ಎದೆಯೊಳಗೆ ಕೂತಿದೆ, ಇನ್ನು ಕೆಲಸ ಆಗದು ಎಂದು ಡಾಕ್ಟರ್ ಹೇಳಿದ ದಿನದಿಂದಲೇ ಆತ ಶುರುಮಾಡಿದ. ಹಾಸಿಗೆಯಲ್ಲಿ ಮಲಗಿ “ತುಂಗಾ” ಅನ್ನುತ್ತಿದ್ದ. ಆಕೆ “ಬಂದೆ” ಎಂದು ಓಡಿಹೋಗಿ “ಏನ ಬೇಕು?” ಅಂದರೆ “ಏನಿಲ್ಲ.” ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ “ತುಂಗಾ.” ನಾಲ್ಕು ದಿನ ಕಂಡು ಆಕೆ ನನ್ನ ಹತ್ತಿರ ಬಂದಳು.

“ಅಂವಗ ತಲಿ ಕೆಟ್ಟಂಗ ಐತಿ ಬಾಳಿ. ಕರೀತಾನ, ಏನೂ ಬ್ಯಾಡಂತಾನ.”

“ತಲಿ ಕೆಟ್ಟಿಲ್ಲಬೇ. ಲೆಕ್ಕ ತೀರಸಾಕ ಹತ್ಯಾನ. ನಿನ್ನ ತಾಸಿನ್ಯಾಗ ಬೈಗಳು ಬರಬಾರದು, ಹೆಸರು ಬರಬೇಕಂತ.”

“ಸುಳ್ಳ ಹೇಳ್ತಿ, ಬಾಳಿ” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆವತ್ತಿನಿಂದ ಪಕ್ಕದಲ್ಲೇ ಕೂತಿದ್ದರೂ ಆತ “ತುಂಗಾ” ಅಂದರೆ ಆಕೆ “ಬಂದೆ” ಅನ್ನುತ್ತಿದ್ದಳು.

ಡಾಕ್ಟರ್ ಮುನೀರ್, “ಮಾತು ಕಡಿಮೆ ಮಾಡಿ ಮಾನಪ್ಪ, ಒಂದೊಂದು ಮಾತಿಗೂ ಉಸಿರು ಹೋಗ್ತಾ ಇದೆ” ಎಂದು ಗದರಿದರು.

“ಉಳಿಸಿಕೊಂಡು ಏನು ಮಾಡ್ಲಿ ಸಾಹೇಬರ, ತಿದಿಗಿ ತುಂಬ್ಲೇನು?” ಅಂದ ಆತ. ಅಂದು ಕೆಮ್ಮಿ, ಕೆಮ್ಮು ನಿಂತ ಮೇಲೆ, “ತುಂಗಾ.”

ಊರಿಗೆ ಇದೇ ಮಾತಾಯಿತು. ಚಹಾದಂಗಡಿಯಲ್ಲಿ ಲೆಕ್ಕದ ಮಾಸ್ತರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗುಣಾಕಾರ ಮಾಡಿದರು. ದಿನಕ್ಕೆ ಮೂವತ್ತು ಸಲ ಬೈದರೂ ಮೂವತ್ತೊಂದು ವರ್ಷಕ್ಕೆ ಮೂರು ಲಕ್ಷ ನಲವತ್ತು ಸಾವಿರದ ಹತ್ತಿರ ಬರುತ್ತದೆ. “ದಾಟ್ತಾನ”, “ದಾಟೂದಿಲ್ಲ” ಎಂದು ಜನ ಎರಡು ಪಾಲಾದರು. ನಾನು ಸ್ವತಃ ಒಂದು ದಿನ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಅಂಗಳದಲ್ಲಿ ಕೂತು, ಒಂದು ಕರೆಗೆ ಒಂದರಂತೆ ಬೀಜವನ್ನು ಈ ಬುಟ್ಟಿಯಿಂದ ಆ ಬುಟ್ಟಿಗೆ ಹಾಕಿದೆ. ಆರುನೂರ ಹನ್ನೆರಡು ಆಯಿತು. ಒಂಬತ್ತನೇ ತಿಂಗಳಲ್ಲಿ ಆತ ಸತ್ತ. ಯಾವ ರೀತಿ ಎಣಿಸಿದರೂ ಅರ್ಧ ದಾರಿಗೆ ಬಂದಿರಲಿಲ್ಲ.

ಹತ್ತನೇ ದಿನ ತುಂಗವ್ವ ಬಂದಳು.

“ನಾಳೆ ನನ್ನ ತಾಸು. ಛಲೋ ಬೀಜ ನೋಡಿ ತಗದಿಡು.”

“ಹೆದರಿಕಿ ಐತೇನು ತುಂಗಿ?”

“ಐತಿ. ಬೈಗಳಕ್ಕಲ್ಲ. ಅಂವ ದಾಟಿದ್ನೋ ಇಲ್ಲೋ ಅಂತ. ಅಷ್ಟೊಂದು ದಮ್ಮು ಕಟಗೊಂಡು ಕರದಾನ ಬಾಳಿ. ದಾಟಿರ್ತಾನೇನು?”

“ದಾಟಿರ್ತಾನ” ಅಂದೆ.

“ಸುಳ್ಳ ಹೇಳ್ತಿ” ಎಂದು ನನ್ನ ಬೆನ್ನಿಗೊಂದು ಗುದ್ದಿ, ನಕ್ಕು ಹೋದಳು.

ಆ ಸಂಜೆ ಬೀಜ ಬಿಡಿಸಿ ಮೊಳಕೆಗೆ ಉಗುರು ತಾಗಿಸಿದವಳು ಕೈ ಹಿಂದೆ ತೆಗೆದೆ. ಎರಡು ಬೇಳೆಗಳನ್ನು ಹಾಗೆಯೇ ಮುಚ್ಚಿ ತುಪ್ಪದಲ್ಲಿ ಹುರಿದೆ. ನಾಳೆ ಊರೆಲ್ಲ ಬಾಗಿಲಲ್ಲಿ ನಿಂತಿರುವಾಗ ಈಕೆ ಹೊರಗೆ ಬಂದು “ದರಿದ್ರದಾಕಿ ಅಂದ” ಎಂದು ಹೇಳಬೇಕಾಗುತ್ತದಲ್ಲ, ಅದು ತಪ್ಪಲಿ ಎಂದುಕೊಂಡೆ. ನನಗಾದ ಸಮಾಧಾನವೇ ಈಕೆಗೂ ಆಗಲಿ ಎಂದುಕೊಂಡೆ. ಡಾಕ್ಟರ್ ಎದೆಬಡಿತದ ಮಾತು ಹೇಳಿದ್ದು ನೆನಪಿತ್ತು. ಗಟ್ಟಿಮುಟ್ಟಾದ ಹೆಂಗಸು, ಒಂದು ಮೊಳಕೆಗೆ ಏನಾದೀತು ಎಂದುಕೊಂಡೆ.

ಮಧ್ಯಾಹ್ನ ತಾಸಿಗೆ ಕೂರಿಸಿದೆವು. ಬೀಜ ತಿಂದವರ ಕಣ್ಣಿಗೆ ಬೆಳಕು ಚುಚ್ಚುತ್ತದೆ ಎಂದು ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆಕೆಯ ಮಾತು ಕೇಳಿಸಿತು. “ಬಂದೆ... ಬಂದೆ...” ಹೊರಗಿದ್ದವರ ಮುಖ ಅರಳಿತು. “ಅಂವ ಕರಿಯಾಕ ಹತ್ಯಾನ, ಈಕಿ ಓಗೊಡಾಕ ಹತ್ಯಾಳ!” ಎಂದು ಮಾಸ್ತರು ಪಿಸುಗುಟ್ಟಿದರು. ನನಗೆ ಮಾತ್ರ ಗೊತ್ತು, ಆಕೆ ತನ್ನ ಕಿವಿಯಲ್ಲಿ ಮೊಳಗುತ್ತಿದ್ದದ್ದನ್ನೇ ಬಾಯಲ್ಲಿ ಆಡುತ್ತಿದ್ದಳು. ಮೂವತ್ತೊಂದು ವರ್ಷ ಕೊಟ್ಟ ಉತ್ತರ ಒಂದೇ ಸಮನೆ ಬರುತ್ತಿತ್ತು, ಕರೆ ಮಾತ್ರ ಇರಲಿಲ್ಲ.

ಗೋಡೆ ಹಿಡಿದು ಹೊರಗೆ ಬಂದಳು. ಕಣ್ಣೆಲ್ಲ ಕಪ್ಪು ಪಾಪೆ. ಬೆರಳುಗಳು ಸೆರಗಿನ ದಾರ ಕೀಳುತ್ತಿದ್ದವು. ಒಂದು ಕೈ ಎದೆಯ ಮೇಲಿತ್ತು. ನೀರು ಕುಡಿದಳು.

“ಏನಂದ್ನವಾ?”

ಆಕೆ ಯಾರನ್ನೂ ನೋಡದೆ ನನ್ನನ್ನೇ ನೋಡಿದಳು. ಆಮೇಲೆ ಜನರ ಕಡೆ ತಿರುಗಿ, “ತುಂಗಾ ಅಂದ” ಅಂದಳು.

“ಕೇಳಿದ್ವಿ!” ಹಾಗೆ ಕೂಗಿ ಅಂದದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಚನ್ನಮಲ್ಲಯ್ಯ ಅಂಗಡಿಯಿಂದ ಬೆಲ್ಲ ತಂದು ಹಂಚಿದ. ಮಾಸ್ತರು ಕಣ್ಣೊರೆಸಿಕೊಂಡು, ತಮ್ಮ ಗುಣಾಕಾರ ಎಲ್ಲಿ ತಪ್ಪಿತೆಂದು ಹುಡುಕುತ್ತ ಮನೆಗೆ ಹೋದರು.

ಮರುದಿನ ಮುಂಜಾನೆ ನಾನು ಅಕ್ಕಿ ತೊಳೆದ ನೀರು ಬದಲಿಸುತ್ತಿದ್ದಾಗ ತುಂಗವ್ವ ಬಂದು ನಿಂತಳು. ಕೂರಲಿಲ್ಲ.

“ನನ್ನ ದನಿ ಯಾಕ ಕೇಳಸ್ತು?”

“ಒಮ್ಮೊಮ್ಮೆ ಹಂಗಾಗ್ತೈತಿ ತುಂಗಿ.”

ಆಕೆ ನನ್ನ ಹೆಬ್ಬೆರಳು ನೋಡಿದಳು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅಪ್ಪನ ತಾಸು, ಮೊಳಕೆ, ಬುಟ್ಟಿಯ ಬೀಜ, ಎಲ್ಲ.

“ನಾ ಎಣಿಸೀನಿ ತುಂಗಿ. ಆರುನೂರ ಹನ್ನೆರಡು. ಅಂವ ದಾಟಿರಲಿಲ್ಲ. ಬೈಗಳು ಬರ್ತಿತ್ತು ನಿನಗ.”

“ರಾತ್ರಿ ಎಣಿಸಿದ್ದೇನು?”

ನನ್ನ ಕೈ ನೀರಿನಲ್ಲೇ ನಿಂತಿತು.

“ರಾತ್ರಿಯೆಲ್ಲ ಕರೀತಿದ್ದ. ನಿದ್ದ್ಯಾಗೂ ಕರೀತಿದ್ದ. ನೀ ಆವಾಗ ಎಲ್ಲಿದ್ದಿ?” ದನಿ ಏರಲಿಲ್ಲ. “ದಾಟಿದ್ನೋ ಇಲ್ಲೋ, ಇನ್ನ ಯಾರಿಗೂ ಗೊತ್ತಾಗೂದಿಲ್ಲ. ಬೈಗಳಾಗಿದ್ರ ಬೈಗಳು. ಅಂವನ ದನಿ ಆಗಿತ್ತಲ್ಲ.”

“ನಿನ್ನ ಒಳ್ಳೇದಕ್ಕ ಮಾಡೀನಿ.”

“ಸುಳ್ಳ ಹೇಳ್ತಿ, ಬಾಳಿ.”

ನಗಲಿಲ್ಲ. ತೊಡೆ ತಟ್ಟಲಿಲ್ಲ. ಹೊರಟುಹೋದಳು.

ಆ ಮಾತನ್ನು ನಾನು ಎಷ್ಟೋ ದಿನ ತಿರುವಿ ನೋಡಿದೆ. ಆಕೆ ಹೇಳಿದ್ದು ಖರೆ. ಮೂವತ್ತೊಂದು ವರ್ಷ ನನ್ನ ಗೆಳತಿಯನ್ನು ನಾಯಿಯಂತೆ ಕರೆದವನು, ಒಂಬತ್ತು ತಿಂಗಳು ಮಲಗಿ ಹೆಸರು ಕೂಗಿ ಗೆದ್ದುಬಿಡುವುದು ನನಗೆ ಬೇಕಾಗಿರಲಿಲ್ಲ. ಎಲ್ಲಿ ಗೆದ್ದಾನೋ ಎಂಬ ಭಯಕ್ಕೇ ಅಲ್ಲವೇ ನಾನು ಬುಟ್ಟಿ ಇಟ್ಟುಕೊಂಡು ಎಣಿಸಲು ಕೂತದ್ದು? ಸೋತಿದ್ದಾನೆ ಎಂದು ಅಷ್ಟು ನಂಬಿಕೆ ಇದ್ದಿದ್ದರೆ ಮೊಳಕೆ ಕಿತ್ತು ಕೊಡುತ್ತಿದ್ದೆನೇನೋ.

ಊರಿನಲ್ಲಿ ಮಾನಪ್ಪನ ಹೆಸರು ದೇವರ ಹೆಸರಾಯಿತು. “ಮಾನಪ್ಪ ಒಂಬತ್ತ ತಿಂಗಳಾಗ ದಾಟಿದ” ಎಂದು ಗಂಡಸರು ಧೈರ್ಯ ಮಾಡಿದರು. ಚನ್ನಮಲ್ಲಯ್ಯ ಉಡಿದಾರಕ್ಕೆ ಗಂಟು ಹಾಕುವುದು ಬಿಟ್ಟ. ಕಡೆಗಾಲದಲ್ಲಿ ತೀರಿಸಿದರಾಯಿತು ಎಂದು ಎಲ್ಲರ ಬಾಯಿ ಸಡಿಲಾಯಿತು. ಊಟಕ್ಕೆ ಕೂತವರು ಮತ್ತೆ ಉಪ್ಪಿನ ಮಾತೆತ್ತಿದರು, ಉಪ್ಪಿನ ಜೊತೆಗೆ ಹೆಂಡತಿಯ ತವರಿನ ಮಾತನ್ನೂ ಎತ್ತಿದರು. ಎಲ್ಲರಿಗೂ ಒಂಬತ್ತು ತಿಂಗಳು ಸಿಗುವುದಿಲ್ಲ. ಚನ್ನಮಲ್ಲಯ್ಯ ತಕ್ಕಡಿ ಹಿಡಿದವನು ಹಾಗೆಯೇ ಬಿದ್ದು ಸತ್ತ. ಆತನ ಹೆಂಡತಿ ತಾಸು ಮುಗಿಸಿ ಬಂದವಳು ಮರುದಿನ ನನ್ನ ಅಂಗಳದಲ್ಲಿ ನಿಂತು, “ನಿನ್ನ ಬೀಜ ಕೆಟ್ಟಿತ್ತು ಬಾಳವ್ವ. ತುಂಗವ್ವಗ ಕೊಟ್ಟಂಥಾದ್ದು ನನಗ ಯಾಕ ಕೊಡಲಿಲ್ಲ?” ಎಂದು ಅತ್ತಳು. ಆಕೆಯ ಹಿಂದೆ ಇನ್ನೂ ಮೂವರು ಹಾಗೆಯೇ ಬಂದು ಕೇಳಿದರು.

ತುಂಗವ್ವ ನಾಲ್ಕು ವರ್ಷ ನನ್ನೊಡನೆ ಮಾತಾಡಲಿಲ್ಲ. ಬಾವಿಕಟ್ಟೆಯಲ್ಲಿ ಸಿಕ್ಕಾಗಲೆಲ್ಲ ನಾನು “ತಪ್ಪಾತು ತುಂಗಿ” ಅನ್ನುತ್ತಿದ್ದೆ. ಆಕೆ ಕೊಡ ತುಂಬಿಕೊಂಡು ಹೋಗುತ್ತಿದ್ದಳು. ಅದು ದ್ವೇಷವೋ, ಇದ್ದದ್ದು ಕೆಡಬಾರದೆಂದು ಬಿಟ್ಟದ್ದೋ, ಕೇಳುವ ಧೈರ್ಯ ನನಗಿರಲಿಲ್ಲ. ಒಂದು ಬೆಳಗ್ಗೆ ಕುಲುಮೆಯ ಮುಂದೆ ಕಸ ಗುಡಿಸುತ್ತಿದ್ದವಳು ಕೂತಳು, ಮತ್ತೆ ಏಳಲಿಲ್ಲ. ಎದೆ ನಿಂತಿತು ಎಂದರು ಡಾಕ್ಟರ್ ಮುನೀರ್.

“ಸಾಹೇಬರ, ನಾಕೈದು ವರ್ಷದ ಹಿಂದ ಒಂದು ಮೊಳಕೆ ಹೊಟ್ಟ್ಯಾಗ ಹೋಗಿದ್ರ ಈಗ ಹಿಂಗಾಗ್ತೈತೇನ್ರೀ?”

“ನಾಲ್ಕೈದು ವರ್ಷದ ಮೇಲಾ? ಆಗಲ್ಲ ಅನ್ಸುತ್ತೆ.” ನನ್ನ ಮುಖ ನೋಡಿದರು. “ಯಾಕೆ ಕೇಳಿದಿರಿ?”

“ಸುಮ್ಮನ.”

ಆಕೆಗೆ ಮಕ್ಕಳಿಲ್ಲ, ತವರಿನವರು ಯಾರೂ ಉಳಿದಿರಲಿಲ್ಲ. ಕೇಳುವವರಿಲ್ಲದೆ ಹೋಗುವುದು ನಮ್ಮಲ್ಲಿ ಅನಾಥ ಹೆಣಕ್ಕಿಂತ ಕಡೆ. “ನೀನ ತಿನ್ನಬೇಕು ಬಾಳವ್ವ, ನಿಮ್ಮಂಥ ಗೆಳೆತನ ಯಾರದಿತ್ತು?” ಅಂದರು ಮಾಸ್ತರು. ತಾಸಿನ ಹಿಂದಿನ ದಿನ ಒಂದು ಬೀಜ ಬಿಡಿಸಿದೆ. ಹಳದಿ ಮೊಳಕೆ ಉಗುರಿನ ತುದಿಯಲ್ಲಿ ಕೂತಿತ್ತು. ಬಿಟ್ಟರೆ ನನ್ನ ದನಿಯೇ ಕೇಳುತ್ತದೆ, “ಇಲ್ಲಬೇ, ಖರೇನ” ಎಂಬ ಮಾತೇ ತಾಸೆಲ್ಲ ಬರುತ್ತದೆ. ಅದನ್ನು ಒಲೆಗೆ ಎಸೆದೆ.

ಕಂಬಳಿ ಕಟ್ಟಿದ ಕೋಣೆಯಲ್ಲಿ ಬಾಯಿ ಒಣಗುವುದನ್ನೇ ಕಾಯುತ್ತ ಕೂತೆ. ಬಂದಳು. ಈ ನಾಲ್ಕು ವರ್ಷದಲ್ಲಿ ಮುದುಕಿಯಾದವಳ ದನಿಯಲ್ಲ, ಹಳೆಯ ದನಿ. ತೊಡೆ ತಟ್ಟಿದ ಸದ್ದೂ ಕೇಳಿಸಿತು. “ಸುಳ್ಳ ಹೇಳ್ತಿ, ಬಾಳಿ!” ನಕ್ಕಳು. “ಸುಳ್ಳ ಹೇಳ್ತಿ, ಬಾಳಿ!” ಮತ್ತೆ ನಕ್ಕಳು. ಅಷ್ಟು ವರ್ಷದ ಮಧ್ಯಾಹ್ನಗಳೆಲ್ಲ ಸಾಲಾಗಿ ಬಂದು ನಕ್ಕು ಹೋದವು. ನಾನು ಕಿವಿಯನ್ನು ಇಷ್ಟಗಲ ಮಾಡಿಕೊಂಡು ಬೇರೆಯದೇ ಒಂದಕ್ಕೆ ಕಾದೆ. ಎಲ್ಲೋ ನಡುವೆ ಅದೂ ಬಂತು. ನಗು ಇಲ್ಲದ್ದು, ಒಂದೇ ಸಲ. ಅದರ ಬೆನ್ನಿಗೇ ಮತ್ತೆ ತೊಡೆ ತಟ್ಟಿ ನಕ್ಕಳು. ಬೀಜಕ್ಕೆ ಅವೆರಡೂ ಒಂದೇ ಮಾತು.

ಗೋಡೆ ಹಿಡಿದು ಹೊರಗೆ ಬಂದೆ. ಬೆಳಕು ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಯಾರೋ ನೀರು ಕೊಟ್ಟರು. ಚನ್ನಮಲ್ಲಯ್ಯನ ಹೆಂಡತಿ ಮುಂದೆ ಬಂದು ಕೇಳಿದಳು.

“ಏನಂದ್ಳವಾ?”

“‘ಉಂಡ್ಯೇನು ಬಾಳಿ’ ಅಂದ್ಳು” ಅಂದೆ.

ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ “ಕೇಳಿದ್ವಿ” ಅಂದರು.